ಮೇಷ್ಟ್ರ ಹೆಂಡತಿಯ ಅನುಷ್ಠಾನ

ಶಿಕಾರಿಪುರ
5-1-1958

ಸೌಭಾಗ್ಯವತಿ ವನಜಳಿಗೆ ಅವಳ ಗಂಡ ಪಂಚಾಕ್ಷರಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಮೂವರೂ ಚೆನ್ನಾಗಿದ್ದೇವೆ. ಅಕ್ಕ ಬಂದು ಅಡುಗೆಮನೆ ಹಿಡಿದಿದ್ದಾಳೆ. ಹಿಡಿದಿದ್ದಾಳೆ ಎಂದರೆ ನಿಜವಾಗಿಯೂ ಹಿಡಿದಿದ್ದಾಳೆ. ನಮ್ಮ ಸರೋಜಳಿಗೆ ಒಲೆಯ ಹತ್ತಿರ ಜಾಗವಿಲ್ಲ, ನನಗೆ ಎರಡನೆಯ ಲೋಟ ಕಾಫಿ ಇಲ್ಲ. ದುರ್ಗಮ್ಮಕ್ಕನ ಸಾರು ಹೇಗಿರುತ್ತದೆಂದು ನಿನಗೆ ಗೊತ್ತು. ಉಂಡು ಸ್ಕೂಲಿಗೆ ಹೋದರೆ ಮೊದಲ ಪೀರಿಯಡ್ಡಿನಲ್ಲೇ ನೀರಡಿಕೆ.

ಆಶ್ರಮದಿಂದ ಧರ್ಮಪ್ಪನವರ ಕಾಗದ ಬಂತು. ಹೋದ ವಾರ ನೀನು ಬಾಯಿಬಿಟ್ಟು ನೀರು ತಣ್ಣಗಿದೆ ಎಂದೆಯಂತೆ. ಸರೋಜಳನ್ನು ಕೂಗಿ ಕರೆದು ಆ ಸಾಲನ್ನು ಓದಿ ಹೇಳಿದೆ. ಕೂಸು ಹೋದ ಮೇಲೆ, ಅಂದರೆ ದೀಪಾವಳಿಯ ಮುಂಚಿನಿಂದ, ನೀನು ಆಡಿದ ಮೊದಲ ಮಾತು ಅದು. ಹುಡುಗಿ ಒಳಗೆ ಹೋಗಿ ಅತ್ತಳು. ಅಕ್ಕ ಮಾತ್ರ, ನೀರು ತಣ್ಣಗಿದೆ ಅನ್ನೋದಕ್ಕೆ ಚಂದ್ರಗುತ್ತಿಯತನಕ ಹೋಗಬೇಕಿತ್ತಾ ಎಂದಳು. ಅವಳ ಸ್ವಭಾವವೇ ಅದು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನನ್ನು ಅಷ್ಟು ದೂರದ ಕಾಡಿನ ಅಂಚಿಗೆ ಕಳಿಸಿದೆನೆಂದು ಬೇಸರವಿರಬಹುದು. ಶಿವಮೊಗ್ಗದ ಡಾಕ್ಟರು ಕೈಚೆಲ್ಲಿದ ಮೇಲೆ ನನಗೆ ಬೇರೆ ದಾರಿ ತೋಚಲಿಲ್ಲ. ಮಣ್ಣು, ನೀರು, ಗಾಳಿ, ಬಿಸಿಲು ಇವುಗಳಿಂದಲೇ ಗುಣ ಮಾಡುತ್ತೇನೆ ಎಂದು ಧರ್ಮಪ್ಪನವರು ಧೈರ್ಯ ಹೇಳಿದರು. ನೀನು ಮಡಚಿದ ಬಟ್ಟೆಯ ಗಂಟೊಂದನ್ನು ಎದೆಗೆ ಅವುಚಿಕೊಂಡು ಪ್ರಾರ್ಥನೆಯ ಹೊತ್ತಿಗೆ ಸ್ಕೂಲಿಗೆ ಬಂದು, ಒಂದನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ನಿಂತೆಯಲ್ಲ, ಆ ದಿನವೇ ನಾನು ನಿರ್ಧಾರ ಮಾಡಿದ್ದು. ಅದು ನಿನಗೆ ನೆನಪಿರಲಿಕ್ಕಿಲ್ಲ. ಇಲ್ಲದಿದ್ದರೇ ಒಳ್ಳೆಯದು.

ಊರಿನವರು ನಿನ್ನನ್ನು ಕೇಳುತ್ತಿರುತ್ತಾರೆ. ಏನು ಹೇಳಬೇಕೋ ಹೇಳಿದ್ದೇನೆ. ಆ ಚಿಂತೆ ನಿನಗೆ ಬೇಡ.

ಪಂಚಾಕ್ಷರಪ್ಪ


ಚಂದ್ರಗುತ್ತಿ
19-1-1958

ಮನೆಯವರ ಪಾದಗಳಿಗೆ ವನಜ ಮಾಡುವ ನಮಸ್ಕಾರ.

ಪೆನ್ನು ಹಿಡಿದು ಎಷ್ಟೋ ತಿಂಗಳಾಯಿತು. ಅಕ್ಷರ ಸೊಟ್ಟಗಿದ್ದರೆ ಮೇಷ್ಟ್ರು ಕೆಂಪು ಶಾಯಿ ಹಾಕಬಾರದು.

ಇಲ್ಲಿ ಬೆಳಗಾದರೆ ಹೊಟ್ಟೆಯ ಮೇಲೆ ಹುತ್ತದ ಮಣ್ಣಿನ ಪಟ್ಟಿ. ಆಮೇಲೆ ಬರಿಗಾಲಿನಲ್ಲಿ ಇಬ್ಬನಿಯ ಹುಲ್ಲಿನ ಮೇಲೆ ನಡಿಗೆ. ಊಟಕ್ಕೆ ಬೇಯಿಸಿದ ಸೊಪ್ಪು, ರಾಗಿ ಗಂಜಿ. ಉಪ್ಪಿಲ್ಲ, ಖಾರವಿಲ್ಲ. ಇದನ್ನು ತಿಂದು ಮಾತು ಬರದೆ ಇದ್ದೀತೇ, ಬೈಯುವುದಕ್ಕಾದರೂ ಬಾಯಿ ಬಿಡಲೇಬೇಕು. ಕಾಡಿನ ಕಡೆ ಒಂದು ಕಿಟಕಿ ಇದೆ. ಮಧ್ಯಾಹ್ನ ಅಲ್ಲಿ ಕೂತರೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುವುದು ಕೇಳುತ್ತದೆ. ನಮ್ಮ ಪೇಟೆ ಬೀದಿಯಲ್ಲಿ ಗಾಡಿಯ ಸದ್ದು ಕೇಳುತ್ತಾ ಬೆಳೆದವಳು ನಾನು, ಈ ಸದ್ದಿಗೆ ಮೊದಮೊದಲು ಹೆದರಿದ್ದೆ. ಈಗ ಅದು ಬಾರದ ದಿನ ಏನೋ ಕಳೆದ ಹಾಗೆ.

ನನ್ನನ್ನು ನೋಡಿಕೊಳ್ಳುವುದಕ್ಕೆ ಇದೇ ಊರಿನ ಲೋಕಮ್ಮ ಎಂಬಾಕೆ ಇದ್ದಾಳೆ. ಮೈಗೆ ಮಣ್ಣು ಹಚ್ಚುತ್ತಾ ತನ್ನ ಎಮ್ಮೆಯ ಪುರಾಣ, ಸೊಸೆಯ ಪುರಾಣ ಎಲ್ಲ ಹೇಳುತ್ತಾಳೆ. ಅವಳಿಗೆ ಉತ್ತರ ಕೊಡದೆ ಇರುವುದು ಉತ್ತರ ಕೊಡುವುದಕ್ಕಿಂತ ಕಷ್ಟ.

ನನಗೆ ನಾಚಿಕೆ ಒಂದೇ. ಮದುವೆಗೆ ಬಂದ ಮಗಳನ್ನು ಮನೆಯಲ್ಲಿಟ್ಟುಕೊಂಡು, ಅವಳ ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟು ಗೋಡೆ ನೋಡುತ್ತಾ ಕೂತಿದ್ದೆನಲ್ಲ. ನಾನೇ ತೊಟ್ಟಿಲ ಕೂಸಾಗಿದ್ದೆ. ಅವಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆಯೇ, ತಿಳಿಸಿ.

ಈಗ ನಿದ್ದೆ ಬರುತ್ತದೆ, ಹಸಿವಾಗುತ್ತದೆ, ಅಳುವೂ ಬರುತ್ತದೆ. ಅಳು ಬಂದದ್ದು ಒಳ್ಳೆಯ ಗುಣ ಎಂದರು ಧರ್ಮಪ್ಪನವರು. ಶಿವರಾತ್ರಿ ಕಳೆದ ಮೇಲೆ ಮನೆಗೆ ಹೋಗಬಹುದು ಎಂದೂ ಹೇಳಿದರು. ಯಾವಾಗ ಬಂದು ಕರೆದುಕೊಂಡು ಹೋಗುತ್ತೀರಿ?

ವನಜ


ಶಿಕಾರಿಪುರ
2-2-1958

ವನಜಳಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಮನೆಗೆ ಹಬ್ಬ ಬಂದ ಹಾಗಾಯಿತು. ಕೆಂಪು ಶಾಯಿ ಹಾಕಿಲ್ಲ. ಸರೋಜಳಿಗೆ ಮುನಿಸಿಲ್ಲ. ಎಣ್ಣೆಯನ್ನು ದಿನಾ ಅಕ್ಕನೇ ಹಚ್ಚಿ, ತಲೆ ಕೂದಲು ಕಿತ್ತು ಬರುವ ಹಾಗೆ ಬಾಚುತ್ತಾಳೆ.

ಕರೆದುಕೊಂಡು ಬರುವ ವಿಚಾರದಲ್ಲಿ ಆತುರ ಬೇಡ. ನನಗೆ ಪರೀಕ್ಷೆಯ ಕೆಲಸ ತಲೆ ಮೇಲಿದೆ. ನೀನು ಪೂರ್ತಿ ಗಟ್ಟಿಯಾಗಬೇಕು. ಅರ್ಧ ಗುಣವಾಗಿ ಬಂದು ಮತ್ತೆ ಹಾಗಾದರೆ ಯಾರಿಗೆ ಮುಖ ತೋರಿಸುವುದು.

ಸಂತೋಷದ ಸುದ್ದಿ ಇದೆ. ಸರೋಜಳಿಗೆ ಒಂದು ಸಂಬಂಧ ಬಂದಿದೆ. ಕುಬಟೂರಿನ ಉಜ್ಜಪ್ಪನವರ ಮನೆ. ಗದ್ದೆ ಇದೆ, ಹುಡುಗ ಸೊರಬದಲ್ಲಿ ಗುಮಾಸ್ತ. ನಾವು ಕೇಳಿಕೊಂಡು ಹೋದದ್ದಲ್ಲ, ಅವರಾಗಿಯೇ ನಮ್ಮ ಜಗಲಿ ಹತ್ತಿದರು. ಸಂಸ್ಕಾರವಂತರ ಮನೆ ಎಂದು ಕೇಳಿ ಬಂದೆವು ಎಂದರು. ಉಜ್ಜಪ್ಪನವರ ಹೆಂಡತಿ ತಾಯಮ್ಮನವರು ನಿನ್ನ ವಿಚಾರವನ್ನು ಬಹಳ ಗೌರವದಿಂದ ಕೇಳಿದರು. ಹುಡುಗನನ್ನು ಸರೋಜಳೂ ಬಾಗಿಲ ಸಂದಿನಿಂದ ನೋಡಿದ್ದಾಳೆ. ಅವಳ ಮುಖ ನೋಡಿದರೆ ಒಪ್ಪಿಗೆ ಎಂದೇ ಕಾಣುತ್ತದೆ.

ಒಂದು ಮಾತು ಕೇಳು. ಶಿವರಾತ್ರಿಗೆ ನಮ್ಮ ಕಡೆಯವರು ಅಲ್ಲಿನ ಗುಡ್ಡದ ಗುಡಿಗೆ ಬರುವುದುಂಟು. ಯಾರಾದರೂ ನಿನ್ನನ್ನು ನೋಡಲು ಬಂದರೆ ಮಾತಿಗೆ ಇಳಿಯಬೇಡ. ನಿನಗೆ ಆಯಾಸ. ಸುಮ್ಮನೆ ಕೈ ಮುಗಿದುಬಿಡು, ಸಾಕು. ಅವರು ತಪ್ಪು ತಿಳಿಯುವುದಿಲ್ಲ.

ಪಂಚಾಕ್ಷರಪ್ಪ


ಚಂದ್ರಗುತ್ತಿ
21-2-1958

ಮನೆಯವರಿಗೆ ನಮಸ್ಕಾರ.

ಸರೋಜಳ ಸುದ್ದಿ ಓದಿ ಸಂತೋಷವಾಯಿತು. ಹೆತ್ತವಳು ಕಾಗದದಲ್ಲಿ ಓದಿ ತಿಳಿಯಬೇಕಾಯಿತಲ್ಲ ಎಂದು ಕೊಂಚ ಕಸಿವಿಸಿಯೂ ಆಯಿತು. ಹುಡುಗ ಎತ್ತರವೋ ಕುಳ್ಳೋ, ನಗುತ್ತಾನೋ ಇಲ್ಲವೋ, ಅದೊಂದೂ ಬರೆದಿಲ್ಲ. ಗದ್ದೆಯನ್ನು ಬರೆದಿದ್ದೀರಿ.

ನೀವು ಹೇಳಿದಂತೆಯೇ ಶಿವರಾತ್ರಿಗೆ ನಮ್ಮ ಊರಿನ ಹೆಂಗಸರು ಬಂದಿದ್ದರು. ಆಶ್ರಮದ ಬೇಲಿಯ ಹತ್ತಿರ ನಿಂತು ನನ್ನನ್ನೇ ನೋಡಿದರು. ಪಿಸಪಿಸ ಮಾತಾಡಿಕೊಂಡರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೈ ಮುಗಿಯಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹುಚ್ಚಿಯನ್ನು ನೋಡಲು ಬಂದವರ ಎದುರು ನಿಲ್ಲುವ ಧೈರ್ಯ ನನಗಿನ್ನೂ ಬಂದಿಲ್ಲ. ಮಾತಾಡಬೇಡ ಎಂದು ನೀವು ಏಕೆ ಬರೆದಿರಿ ಎಂಬುದು ಆಗ ಅರ್ಥವಾಯಿತು. ನಾನು ಬಾಯಿ ತೆರೆದರೆ ಏನಾದರೂ ಹೆಚ್ಚುಕಮ್ಮಿ ಆದೀತೆಂಬ ಹೆದರಿಕೆ ನಿಮಗೆ. ನಿಮ್ಮ ಜಾಗದಲ್ಲಿ ಯಾರಿದ್ದರೂ ನಾಚಿಕೆ ಪಡುತ್ತಿದ್ದರು. ನಾನು ಅದನ್ನು ತಪ್ಪು ಎನ್ನುತ್ತಿಲ್ಲ.

ಆದರೆ ಒಪ್ಪಿಗೆ ಶಾಸ್ತ್ರಕ್ಕೆ ನನ್ನನ್ನು ಕರೆಸಿಕೊಳ್ಳಿ. ನಡುಮನೆಗೆ ಬರುವುದಿಲ್ಲ. ಅಡುಗೆಮನೆಯಲ್ಲೇ ಇರುತ್ತೇನೆ, ಹೋಳಿಗೆ ಬೇಯಿಸಿ ಅಕ್ಕನ ಕೈಲಿ ಕಳಿಸುತ್ತೇನೆ. ಹುಡುಗಿಯ ಮಡಿಲಿಗೆ ಅಕ್ಕಿ ತುಂಬುವ ಹೊತ್ತಿಗೆ ಒಂದು ಗಳಿಗೆ ಬಾಗಿಲ ಮರೆಯಿಂದ ನೋಡಲು ಬಿಟ್ಟರೆ ಸಾಕು. ಇಷ್ಟನ್ನು ಕೇಳುವುದಕ್ಕೂ ನನಗೆ ಸಂಕೋಚವಾಗುತ್ತಿದೆ.

ವನಜ


ಶಿಕಾರಿಪುರ
4-3-1958

ವನಜಳಿಗೆ ಆಶೀರ್ವಾದ.

ಬಂದ ಹೆಂಗಸರು ಯಾರು ಯಾರು? ನೀನು ಬಾಗಿಲು ಹಾಕಿಕೊಂಡದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲ ತಾನೇ? ಲೋಕಮ್ಮ ಅವರೊಂದಿಗೆ ಏನಾದರೂ ಆಡಿದಳೇ? ಮರುಟಪಾಲಿನಲ್ಲೇ ಉತ್ತರ ಬರಲಿ.

ಅವರು ನಿನ್ನನ್ನು ನೋಡಿ ನಕ್ಕರೆಂದು ತಿಳಿಯಬೇಡ. ನಮ್ಮ ಊರಿನಲ್ಲಿ ನಿನ್ನನ್ನು ಕೀಳಾಗಿ ಕಾಣುವವರು ಒಬ್ಬರೂ ಇಲ್ಲ. ಇದಕ್ಕಿಂತ ಹೆಚ್ಚು ಕಾಗದದಲ್ಲಿ ಬರೆಯಲಾರೆ.

ಒಪ್ಪಿಗೆ ಶಾಸ್ತ್ರವನ್ನು ಯುಗಾದಿ ಕಳೆದು ಇಟ್ಟುಕೊಂಡಿದ್ದೇವೆ. ತಾಯಿಯ ಜಾಗದಲ್ಲಿ ಅಕ್ಕ ಕೂರುತ್ತಾಳೆ. ಅದು ಎಲ್ಲರಿಗೂ ಒಪ್ಪಿಗೆಯಾಗಿದೆ, ನೀನು ಬಾರದೆ ಇರುವುದನ್ನು ಯಾರೂ ಆಕ್ಷೇಪಿಸಿಲ್ಲ. ಉಜ್ಜಪ್ಪನವರಂತೂ, ಅವರನ್ನು ಈಗ ಎಬ್ಬಿಸಬಾರದು ಎಂದುಬಿಟ್ಟರು. ಮದುವೆಯ ಹೊತ್ತಿಗೆ ನೋಡೋಣ. ನೀನು ಅಡುಗೆಮನೆಯಲ್ಲಿ ಅಡಗಿ ಕೂರಬೇಕಾದವಳಲ್ಲ, ಹಾಗೆ ಬರೆಯಬೇಡ. ಓದಿ ನನಗೆ ಊಟ ಸೇರಲಿಲ್ಲ.

ಪಂಚಾಕ್ಷರಪ್ಪ


ಚಂದ್ರಗುತ್ತಿ
17-3-1958

ನಮಸ್ಕಾರ.

'ಅವರನ್ನು ಈಗ ಎಬ್ಬಿಸಬಾರದು' ಎಂಬ ಮಾತನ್ನು ಓದಿ ನಾನೇನು ಮಲಗಿದ್ದೇನೆಯೇ ಎಂದು ಯೋಚಿಸಿದೆ. ಈಗ ತಿಳಿಯಿತು.

ಶಿವರಾತ್ರಿಯ ಮೇಲೆ ಹೆಂಗಸರು ಮತ್ತೆ ಬಂದರು. ಆಮೇಲೆ ಸುತ್ತಲಿನ ಹಳ್ಳಿಯವರೂ ಸೇರಿಕೊಂಡು ಸೋಮವಾರ ಸೋಮವಾರ ಬರತೊಡಗಿದರು. ನಿಮಗೆ ಬರೆಯಲಿಲ್ಲ, ಬರೆಯುವುದಕ್ಕೆ ನಾಚಿಕೆ. ಅವರು ಆಡಿಕೊಳ್ಳಲು ಬರುತ್ತಾರೆ, ಅದನ್ನೂ ನಿಮ್ಮ ತಲೆಗೆ ಕಟ್ಟುವುದೇಕೆ ಎಂದುಕೊಂಡೆ. ಆದರೆ ಅವರ ಕೈಯಲ್ಲಿ ಹಣ್ಣು ಕಾಯಿ ಇರುತ್ತಿತ್ತು. ಹುಚ್ಚಿಗೆ ಯಾರು ಕಾಯಿ ತರುತ್ತಾರೆ?

ಹೋದ ಸೋಮವಾರ ಒಬ್ಬ ಮುದುಕಿ ತನ್ನ ಸೊಸೆಯನ್ನು ಕರೆತಂದಿದ್ದಳು. ಆ ಹುಡುಗಿ ಸರೋಜಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಹುಟ್ಟಿದ ಕೂಸುಗಳು ಉಳಿದಿಲ್ಲವಂತೆ. ನಾನು ಬಾಗಿಲು ಹಾಕುವ ಮೊದಲೇ ಒಳಗೆ ಬಂದು ನನ್ನ ಕಾಲ ಮೇಲೆ ತಲೆ ಇಟ್ಟಳು. ಮುದುಕಿ ಹೇಳಿದಳು, "ನೀವು ಮಾತಾಡದು ಬ್ಯಾಡ್ರಿ ಅವ್ವಾರೆ, ನಿಮ್ಮ ಅನುಷ್ಠಾನ ಕೆಡದು ಬ್ಯಾಡ. ಇಕಿ ತಲಿ ಮ್ಯಾಲೆ ಕೈ ಇಡ್ರಿ ಸಾಕು."

ನನ್ನ ಕಾಲ ಮೇಲೆ ಆ ಹುಡುಗಿಯ ಕಣ್ಣೀರು ಬಿಸಿಯಾಗಿ ಬೀಳುತ್ತಿತ್ತು. ಮಾತಾಡಬೇಡ ಎಂದು ನೀವು ಬರೆದದ್ದು ನೆನಪಿಗೆ ಬಂತು. ನಾನು ಕೈ ಇಟ್ಟುಬಿಟ್ಟೆ. ನನ್ನ ಕೂಸನ್ನೇ ಉಳಿಸಿಕೊಳ್ಳಲಾರದವಳು ಅವಳ ತಲೆಯ ಮೇಲೆ ಕೈ ಇಟ್ಟೆ. ಅವಳು ನಗುತ್ತಾ ಎದ್ದು ಹೋದಳು. ಅವಳ ನಗು ನೋಡಿ ನನಗೆ ಎಷ್ಟು ಅವಮಾನವಾಯಿತೆಂದರೆ, ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಲೋಕಮ್ಮನನ್ನು ಗಟ್ಟಿಸಿ ಕೇಳಿದೆ. "ನಿಮ್ಗೆ ಗೊತ್ತಿಲ್ದೇ ಇರೂಕೆ ಉಂಟಾ? ನೀವು ಮೌನಾನುಷ್ಠಾನಕ್ಕೆ ಕೂತದ್ದಂತೆ. ನಿಮ್ಮ ಮನೆ ಮೇಷ್ಟ್ರೇ ಹೇಳಿದ್ದಂತಲ್ಲ," ಎಂದಳು. ನಿಮಗೆ ಗೊತ್ತಿದ್ದೇ ನಡೆಯುತ್ತಿದೆಯೆಂದು ಅವಳು ಇಷ್ಟು ದಿನ ಸುಮ್ಮನಿದ್ದಳು. ಧರ್ಮಪ್ಪನವರ ಕಿವಿ ಮಂದ, ಅವರಿಗೆ ಯಾರು ಬಂದರು ಯಾರು ಹೋದರು ಎಂಬುದೇ ಇಲ್ಲ.

ಸ್ಕೂಲಿಗೆ ಬಂದ ದಿನ ನನಗೆ ನೆನಪಿರಲಿಕ್ಕಿಲ್ಲ ಎಂದು ಬರೆದಿದ್ದಿರಿ. ಎಲ್ಲ ನೆನಪಿದೆ. ಆ ತಿಂಗಳುಗಳಲ್ಲಿ ನನಗೆ ಮಾತು ಬರುತ್ತಿರಲಿಲ್ಲ, ಕಿವಿ ಕೇಳುತ್ತಿತ್ತು. ಅಲ್ಲಿಂದ ಮನೆಗೆ ಕರೆತಂದು, ಜನ ಕೇಳಿದರೆ ಏನು ಹೇಳಲಿ, ಏನು ಹೇಳಲಿ ಎಂದು ನೀವು ನಡುಮನೆಯಲ್ಲಿ ತಿರುಗಾಡಿದ್ದೂ ಕೇಳಿತು. ಏನು ಹೇಳಿದಿರಿ ಎಂಬುದನ್ನು ಈಗ ನೀವೇ ಬರೆಯಿರಿ.

ವನಜ


ಶಿಕಾರಿಪುರ
24-3-1958

ವನಜಾ,

ಯುಗಾದಿಯ ದಿನ ನಿನ್ನ ಕಾಗದ ಬಂತು. ಬೇವು ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ಓದಿದೆ.

ನಡೆದದ್ದು ಇಷ್ಟು. ನಿನ್ನನ್ನು ಬಿಟ್ಟು ಬಂದ ಮಾರನೆಯ ದಿನ ಹೆಡ್‌ಮೇಷ್ಟ್ರು ಹನುಮಂತಪ್ಪನವರು ಎಲ್ಲರ ಎದುರಿಗೆ, ಮನೆಯವರು ಎಲ್ಲಿ ಎಂದು ಕೇಳಿದರು. ಚಂದ್ರಗುತ್ತಿಯ ಆಶ್ರಮದಲ್ಲಿ ಎಂದೆ. ಏಕೆ ಎಂದರು. ತಲೆ ಕೆಟ್ಟಿದೆ ಎನ್ನಲು ನನಗೆ ಮನಸ್ಸು ಬರಲಿಲ್ಲ. ಮಾತು ಬಿಟ್ಟಿದ್ದಾಳೆ ಎಂದೆ. ಅದು ಸುಳ್ಳಲ್ಲವಲ್ಲ. ಅನುಷ್ಠಾನವೋ ಎಂದು ಅವರೇ ಕೇಳಿದರು. ನಾನು ಹೂಂ ಎಂದೆ. ಒಮ್ಮೆ ಹೂಂಗುಟ್ಟಿದ್ದಷ್ಟೇ ನನ್ನ ಕೆಲಸ, ಉಳಿದದ್ದನ್ನೆಲ್ಲ ಊರು ಮಾಡಿತು. ಪ್ರಾರ್ಥನೆಯ ಹೊತ್ತಿಗೇ ಬಂದು ನಿಂತರಲ್ಲ, ಅಂದೇ ಅನ್ನಿಸಿತ್ತು ಎಂದರು ಹನುಮಂತಪ್ಪನವರು. ಎದೆಗೆ ಅವುಚಿಕೊಂಡಿದ್ದು ಬಟ್ಟೆಯಲ್ಲಿ ಸುತ್ತಿದ ಇಷ್ಟಲಿಂಗವಂತೆ. ನಾನು ಅಲ್ಲ ಎನ್ನಲಿಲ್ಲ. ಆ ಬಟ್ಟೆ ಯಾವುದೆಂದು ನನಗೆ ಗೊತ್ತಿತ್ತು. ಕೂಸಿಗೆಂದು ನೀನು ಹೊಲಿದಿಟ್ಟದ್ದು.

ಇನ್ನೂ ಹೇಳಿಬಿಡುತ್ತೇನೆ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ತೊಟ್ಟಿಲು ಕಟ್ಟಲು ಹೊರಟಿದ್ದಾರೆ ಎಂದು ಹೋದ ವರ್ಷ ಇದೇ ಜನ ನಕ್ಕಿದ್ದರು. ನಾನು ಹಿಂದಿನ ಓಣಿಯಲ್ಲಿ ಹಾಯ್ದು ಸ್ಕೂಲಿಗೆ ಹೋಗುತ್ತಿದ್ದೆ. ಈಗ ಪೇಟೆ ಬೀದಿಯ ನಡುವೆ ಹೋಗುತ್ತೇನೆ, ಅಂಗಡಿಯವರು ಎದ್ದು ನಿಲ್ಲುತ್ತಾರೆ. ಮಠದಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ನನಗೆ ಅದು ಹಿತವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವಾಯಿತು.

ಸರೋಜಳ ಸಂಬಂಧ ಬಂದದ್ದೂ ಇದರಿಂದಲೇ. ಅಂಥ ತಾಯಿಯ ಮಗಳು ಎಂದು ಬಂದರು. ಈಗ ನಿಜ ಗೊತ್ತಾದರೆ ಹುಚ್ಚಿನ ಮನೆತನ ಎಂದು ಎದ್ದು ಹೋಗುತ್ತಾರೆ. ಇವರು ಹೋದರೆ ಇನ್ಯಾರೂ ಬರುವುದಿಲ್ಲ. ಹುಡುಗಿ ದಿನಾ ಕನ್ನಡಿ ನೋಡಿಕೊಳ್ಳಲು ಶುರುಮಾಡಿದ್ದಾಳೆ, ವನಜಾ.

ಶಾಸ್ತ್ರಕ್ಕೆ ಮೊದಲು ನಿನ್ನ ಆಶೀರ್ವಾದ ಪಡೆಯಬೇಕೆಂದು ತಾಯಮ್ಮನವರು ಅಲ್ಲಿಗೆ ಬರುವವರಿದ್ದಾರೆ. ಬೇಡ ಎನ್ನಲು ನನಗೆ ದಾರಿಯಿಲ್ಲ. ಅವರೆದುರು ಒಂದು ದಿನ ಮಾತಾಡದೆ ಇದ್ದುಬಿಡು. ಮಾತಾಡದೆ ಇರುವುದು ನಿನಗೆ ಹೊಸದೇನಲ್ಲ. ಮದುವೆ ಆದ ಮೇಲೆ ನಾನೇ ಬಂದು ಕರೆತರುತ್ತೇನೆ, ಅನುಷ್ಠಾನ ಮುಗಿಯಿತು ಎಂದು ಹೇಳಿದರಾಯಿತು.

ಪಂಚಾಕ್ಷರಪ್ಪ


ಚಂದ್ರಗುತ್ತಿ
9-4-1958

ನಮಸ್ಕಾರ.

ಮಾತಾಡದೆ ಇರುವುದು ನನಗೆ ಹೊಸದಲ್ಲ ಎಂದು ಬರೆದಿದ್ದೀರಿ. ಬರೆದ ಮೇಲೆ ಒಮ್ಮೆ ಓದಿದಿರೋ ಇಲ್ಲವೋ. ನಾನು ತುಂಬಾ ಸಲ ಓದಿದೆ. ಆಮೇಲೂ, ಸುಮ್ಮನೆ ಇರುವುದೆಂದೇ ತೀರ್ಮಾನ ಮಾಡಿದ್ದೆ. ನಿಮಗಾಗಿ ಅಲ್ಲ, ಆ ಕನ್ನಡಿಗಾಗಿ.

ನಿನ್ನೆ ತಾಯಮ್ಮನವರು ಬಂದರು. ಒಬ್ಬರೇ, ಸೊರಬದ ಬಸ್ಸಿನಲ್ಲಿ. ದಪ್ಪ ಆಳು, ಬಿಸಿಲಿಗೆ ಬೆವರಿ ಸೋತಿದ್ದರು. ಬುಟ್ಟಿಯಿಂದ ಕಾಯಿ, ಬಾಳೆಹಣ್ಣು, ಕುಪ್ಪಸದ ಕಣ ತೆಗೆದು ನನ್ನೆದುರು ಜೋಡಿಸಿದರು. ನಾನು ಕಣ್ಣು ಮುಚ್ಚಿ ಕೂತೆ. ಅವರು ತಮ್ಮ ಪಾಡಿಗೆ ಮಾತಾಡುತ್ತಾ ಹೋದರು. ಮಗ ಸಂಕೋಚದವನು, ಜೋರಾಗಿ ಕೇಳಲಾರ, ಹಸಿವಾದರೂ ಹೇಳಲಾರ, ನಿಮ್ಮ ಮಗಳು ಅವನ ಮುಖ ನೋಡಿಯೇ ತಿಳಿಯುವಂಥವಳಾಗಲಿ ಎಂದು ಹರಸಿರಿ ಎಂದರು. ದೇವರ ಮುಂದೆ ಯಾರೂ ಸುಳ್ಳು ಹೇಳುವುದಿಲ್ಲವಲ್ಲ, ತಮ್ಮ ಮಗನ ಕುಂದನ್ನೆಲ್ಲ ನನ್ನ ಮುಂದೆ ಬಿಚ್ಚಿಟ್ಟರು. ಕೊನೆಗೆ, ಆ ವಯಸ್ಸಾದ ಹೆಂಗಸು ನೆಲಕ್ಕೆ ಕೈ ಊರಿ, ಮೊಣಕಾಲು ನೋಯಿಸಿಕೊಂಡು, ನನ್ನ ಕಾಲಿಗೆ ಬಗ್ಗಲು ಹೊರಟರು.

ಆಗ ನನ್ನಿಂದ ಆಗಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಂಡೆ. "ಬಗ್ಗಬ್ಯಾಡ್ರಿ," ಎಂದೆ. "ನಾನು ಅನುಷ್ಠಾನಕ್ಕೆ ಕೂತೋಳಲ್ಲ. ಕೂಸು ಹೋದ ಮ್ಯಾಲೆ ನಂಗೆ ತಲಿ ಸರಿ ಇರ್ಲಿಲ್ಲ. ಅದಕ್ಕೇ ಇಲ್ಲಿ ತಂದು ಬಿಟ್ಟರು."

ಅವರು ಬಗ್ಗಿದವರು ಹಾಗೆಯೇ ನಿಂತರು. ಆಮೇಲೆ ಕೂತರು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿದೆ. ಬಟ್ಟೆಯ ಗಂಟು, ಸ್ಕೂಲು, ಮಣ್ಣಿನ ಪಟ್ಟಿ, ಕೂಸುಗಳು ಉಳಿಯದ ಆ ಹುಡುಗಿಯ ತಲೆಯ ಮೇಲೆ ಕೈ ಇಟ್ಟದ್ದು. ಅವರು ನಡುವೆ ಒಂದೇ ಒಂದು ಮಾತು ಕೇಳಿದರು.

"ಇದು ನಿಮ್ಮ ಮನಿಯೋರಿಗೆ ಗೊತ್ತೈತೇನ್ರಿ?"

ಗೊತ್ತು ಎಂದೆ. ಅವರು ಹಣ್ಣು ಕಾಯಿಗಳನ್ನು ಬುಟ್ಟಿಗೆ ತುಂಬಿಕೊಂಡು ಎದ್ದರು. ಕುಡಿಯಲು ನೀರು ಕೊಟ್ಟೆ, ಕುಡಿದರು. ಬೇರೇನೂ ಹೇಳದೆ ಬಸ್ಸಿಗೆ ಹೋದರು.

ಮಗಳ ಬಾಳಿಗೆ ನಾನೇ ಕಲ್ಲು ಹಾಕಿದೆನೋ ಏನೋ. ರಾತ್ರಿಯಿಂದ ಅದೊಂದೇ ಯೋಚನೆ. ಸರೋಜಳಿಗೆ ಹೇಗೆ ಹೇಳಬೇಕೋ ನೀವು ಹೇಳಿ. ಅವಳಿಗೆ ನನ್ನ ಮುಖ ನೋಡಬೇಕು ಅನ್ನಿಸದಿದ್ದರೆ ನಾನು ಇಲ್ಲಿಯೇ ಇರುತ್ತೇನೆ. ಲೋಕಮ್ಮನ ಜೊತೆ ಸೇರಿ ಬಂದ ರೋಗಿಗಳಿಗೆ ಮಣ್ಣು ಕಲಸಿಕೊಂಡಿರುತ್ತೇನೆ.

ವನಜ


ಶಿಕಾರಿಪುರ
22-4-1958

ವನಜಾ,

ಉತ್ತರ ತಡವಾಯಿತು. ಮೊದಲು ನಿನ್ನ ಮೇಲೆ ಸಿಟ್ಟಿನಿಂದ ಒಂದು ಕಾಗದ ಬರೆದೆ, ಹರಿದು ಹಾಕಿದೆ. ಆಮೇಲೆ ಉಜ್ಜಪ್ಪನವರಿಂದ ಕರೆ ಬಂತು, ಕುಬಟೂರಿಗೆ ಹೋದೆ.

ಅವರು ನನ್ನನ್ನು ಒಳಗೆ ಕರೆಯಲಿಲ್ಲ. ಜಗಲಿಯ ಮೇಲೆ ಕೂರಿಸಿದರು. ಉಜ್ಜಪ್ಪನವರು ಎಲೆ ಅಡಿಕೆ ಹಾಕುತ್ತಾ ನನ್ನ ಕಡೆ ನೋಡದೆ ಇದ್ದರು. ನಾನು ಒಂದಷ್ಟು ಹೇಳಲು ಹೋದೆ, ಮಾತು ತೊದಲಿತು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಕೊನೆಗೆ ತಾಯಮ್ಮನವರು ಬಾಗಿಲಿಗೆ ಬಂದು ನಿಂತರು.

"ಹುಡುಗಿ ನಮಗೆ ಬೇಕ್ರಿ," ಎಂದರು. "ಮನ್ಯಾಗ ಜಡ್ಡು ಯಾರಿಗೆ ಬರಂಗಿಲ್ಲ, ನನ್ನ ತಂಗಿಗೂ ಬಂದಿತ್ತು. ಮುಂದಿನ ಮಾತು ಏನಿದ್ರೂ ಹುಡುಗಿ ತಾಯಿ ಹತ್ರ ಆಡ್ತೀನಿ. ಆಕಿ ಮನಿಗೆ ಬಂದು ಕುಂತ ದಿನ ಶಾಸ್ತ್ರ. ನಿಮ್ಮ ಮಾತು ನಮಗ ಬ್ಯಾಡ್ರಿ ಮೇಷ್ಟ್ರೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹುಚ್ಚಿನ ಮನೆತನ ಎಂದಾರೆಂದು ಯಾವನು ಹೆದರಿದ್ದನೋ ಅವನಿಗೇ ಆ ಮನೆಯಲ್ಲಿ ಜಾಗವಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಶಿರಾಳಕೊಪ್ಪದವರೆಗೂ ತಲೆ ಎತ್ತಲಿಲ್ಲ.

ಮನೆಗೆ ಬಂದು ಸರೋಜಳಿಗೆ ಎಲ್ಲ ಹೇಳಿದೆ. ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಬಂದ ಹೆಂಗಸರು ಅವ್ವನ ಅನುಷ್ಠಾನದ ವಿಚಾರ ಕೇಳಿದಾಗೆಲ್ಲ, ನನ್ನ ಮಾತು ಉಳಿಸುವುದಕ್ಕಾಗಿ ಬಾಯಿಗೆ ಬಂದದ್ದು ಹೇಳಿ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತಿದ್ದಳಂತೆ. ಮಗಳಿಗೆ ನಾನು ಸುಳ್ಳು ಕಲಿಸಿದೆ. ಶಾಸ್ತ್ರಕ್ಕೆ ಕೂರುವುದಾದರೆ ಅವ್ವನ ತೊಡೆಯ ಪಕ್ಕದಲ್ಲೇ ಕೂರುತ್ತೇನೆ, ಇಲ್ಲವಾದರೆ ಇಲ್ಲ ಎಂದಿದ್ದಾಳೆ. ಅಕ್ಕನೂ ಮೊದಲ ಸಲ ನನ್ನ ಪರವಾಗಿ ಮಾತಾಡಲಿಲ್ಲ.

ಆಮೇಲೆ ಹನುಮಂತಪ್ಪನವರ ಹತ್ತಿರ ಹೋಗಿ, ನಾನು ಹೇಳಿದ್ದು ಸುಳ್ಳು, ನನ್ನ ಹೆಂಡತಿಗೆ ಕಾಯಿಲೆಯಾಗಿತ್ತು, ಈಗ ಗುಣವಾಗಿದೆ ಎಂದೆ. ಮಠದಲ್ಲಿಯೂ ಹೇಳಿದೆ. ಏನಾಯಿತು ಗೊತ್ತೇ? ಯಾರೂ ನಂಬಲಿಲ್ಲ. ಮೇಷ್ಟ್ರು ದೊಡ್ಡವರು, ಹೆಂಡತಿಯ ಮಹಿಮೆಯನ್ನು ಮುಚ್ಚಿಡುತ್ತಾರೆ ಎಂದರು. ಹಿಂದಿಗಿಂತ ಹೆಚ್ಚು ಬಗ್ಗಿ ಕೈ ಮುಗಿಯುತ್ತಾರೆ. ಸುಳ್ಳು ಹೇಳಿದಾಗ ಒಂದು ಹೂಂಗೆ ನಂಬಿದರು, ನಿಜವನ್ನು ಗಂಟಲು ಹರಿಯುವ ಹಾಗೆ ಹೇಳಿದರೂ ಕೇಳುವವರಿಲ್ಲ. ನೀನು ಬಂದರೆ ಬಾಗಿಲ ಮುಂದೆ ಹಣ್ಣು ಕಾಯಿ ಹಿಡಿದು ಸಾಲು ನಿಲ್ಲುತ್ತಾರೆ. ನಿನ್ನನ್ನು ಇದರ ನಡುವೆ ಹೇಗೆ ಕರೆತರಲಿ? ನಾನು ಹೆಣೆದ ಬಲೆಗೆ ನಿನ್ನನ್ನು ಕೆಡವಿದ್ದೇನೆ.

ಬಾ ಎಂದು ಹೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಬರುತ್ತೀಯಾ?

ಪಂಚಾಕ್ಷರಪ್ಪ


ಚಂದ್ರಗುತ್ತಿ
27-4-1958

ಮನೆಯವರಿಗೆ ವನಜಳ ನಮಸ್ಕಾರ.

ಬರುತ್ತೇನೆ. ಬರುವ ಭಾನುವಾರ ಮಧ್ಯಾಹ್ನದ ಬಸ್ಸಿಗೆ. ಸರೋಜಳಿಗೂ ಅಕ್ಕನಿಗೂ ಹೇಳಿ. ತಾಯಮ್ಮನವರಿಗೆ ನಾನೇ ಬೇರೆ ಕಾಗದ ಹಾಕಿದ್ದೇನೆ, ಅವರ ಮೊಣಕಾಲಿಗೆ ಧರ್ಮಪ್ಪನವರು ಹೇಳಿದ ಎಣ್ಣೆಯನ್ನೂ ಬರೆದಿದ್ದೇನೆ. ಆ ಮಕ್ಕಳಿಲ್ಲದ ಹುಡುಗಿಯ ಊರು ಲೋಕಮ್ಮನಿಗೆ ಗೊತ್ತಿತ್ತು. ನಿನ್ನೆ ನಡೆದು ಹೋಗಿ ಅವಳ ಮನೆಯಲ್ಲಿ ಕೂತು ನಿಜ ಹೇಳಿದೆ, ಕ್ಷಮೆ ಕೇಳಿದೆ. ಅವಳು ಒಳಗಿನಿಂದ ಬೆಲ್ಲ ನೀರು ತಂದಿಟ್ಟಳು. ಆಮೇಲೆ, ನಿಮ್ಮದು ಗಂಡೋ ಹೆಣ್ಣೋ ಎಂದು ಕೇಳಿದಳು. ಹೆಣ್ಣು ಎಂದೆ. ಇಷ್ಟು ತಿಂಗಳಲ್ಲಿ ನನ್ನನ್ನು ಅದನ್ನು ಕೇಳಿದವಳು ಅವಳೊಬ್ಬಳೇ. ಇಬ್ಬರೂ ಅತ್ತೆವು.

ಊರಿನವರ ಚಿಂತೆ ನಿಮಗೆ ಬೇಡ. ನೀವು ಹೇಳಿದರೆ ನಂಬುವುದಿಲ್ಲ, ನಿಮ್ಮ ಮಾತಿನಲ್ಲಿ ಇನ್ನು ಆ ಶಕ್ತಿ ಉಳಿದಿಲ್ಲ. ಅದನ್ನು ನನಗೆ ಬಿಡಿ. ನೀವು ಬಸ್ ಸ್ಟ್ಯಾಂಡಿಗೆ ಬನ್ನಿ, ಹಿಂದಿನ ಓಣಿಯಿಂದ ಬೇಡ. ಪೇಟೆ ಬೀದಿಯ ನಡುವೆ, ಅಂಗಡಿಗಳೆಲ್ಲ ತೆರೆದಿರುವ ಹೊತ್ತಿನಲ್ಲಿ, ನಾನು ನಿಮ್ಮ ಜೊತೆ ಒಂದು ಜಗಳ ಆಡುತ್ತೇನೆ. ಊರೆಲ್ಲ ಕೇಳುವ ಹಾಗೆ, ಗಂಟಲು ಬಿಟ್ಟು. ಅನುಷ್ಠಾನಕ್ಕೆ ಕೂತವಳು ಗಂಡನನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಬೈಯುವುದನ್ನು ಕಂಡ ಮೇಲೆ ಕಾಯಿ ಹಿಡಿದು ಬರುವವರು ಯಾರೂ ಇರಲಿಕ್ಕಿಲ್ಲ.

ಏನೆಂದು ಬೈಯುತ್ತೇನೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ, ಅಲ್ಲಿ ಗಾಬರಿಯಾಗಬಾರದಲ್ಲ. ಸುಳ್ಳಿನ ವಿಚಾರ ಎತ್ತುವುದಿಲ್ಲ, ಅದಕ್ಕೆ ಕುಬಟೂರಿನಲ್ಲಿ ನಿಮಗೆ ಸಾಕಷ್ಟು ಆಗಿದೆ. ಕೂಸನ್ನು ಮಣ್ಣು ಮಾಡಿ ಬಂದಿರಲ್ಲ, ಕೈಕಾಲು ತೊಳೆದು, ಊಟಕ್ಕೆ ಕೂತು, ಮಾರನೆಯ ದಿನ ಸ್ಕೂಲಿಗೆ ಹೋದಿರಲ್ಲ. ನನ್ನೆದುರು ಒಂದು ಸಲವೂ ಅಳಲಿಲ್ಲ. ಅವಳು ನನ್ನೊಬ್ಬಳ ಮಗಳೇ ಎಂದು ಕೇಳುತ್ತೇನೆ.

ನೀವು ಉತ್ತರ ಕೊಡಬೇಕಾಗಿಲ್ಲ. ಅಳು ಬಂದರೆ ಅಲ್ಲಿಯೇ, ಎಲ್ಲರೆದುರು ಅತ್ತುಬಿಡಿ. ಜನ ಏನಂದರೂ ಅನ್ನಲಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ವನಜ